ಖಳರನ್ನು ಮಾಡುವವಳು

"ಅಲ್ಲಿಗೆ ನಿಲ್ಲಿಸಿ ಮೇಡಂ," ಅಂದರು ಮೇಷ್ಟ್ರ ಹೆಂಡತಿ. "ಅವತ್ತು ಅವರು ಇದೇ ಸಾಲಿಗೆ ಬಂದಾಗ ಕನ್ನಡಕ ತೆಗೆದರು."

ಇನ್ಸ್‌ಪೆಕ್ಟರ್ ಓದುವುದನ್ನು ನಿಲ್ಲಿಸಿದಳು. ಸತ್ತವನ ಕುರ್ಚಿಯಲ್ಲಿ ಕೂತು, ಸತ್ತವನ ಜೇಬಿನಲ್ಲಿ ಸಿಕ್ಕ ಹಾಳೆಯನ್ನು ಕೈಯಲ್ಲಿ ಹಿಡಿದು, ಅವನು ಕೊನೆಯದಾಗಿ ಆಡಿಸಿದ ಆಟವನ್ನೇ ಅವಳು ಮತ್ತೆ ಆಡಿಸುತ್ತಿದ್ದಳು. ಠಾಣೆಯಲ್ಲಿ ಅವಳಿಗೆ 'ಸೂಜಿ' ಅಂತ ಹೆಸರು. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು. ಅವಳಿಗದು ಗೊತ್ತಿತ್ತು, ಬೇಜಾರೂ ಇರಲಿಲ್ಲ. ಗದರುವುದು ಅವಳ ಜಾಯಮಾನವಲ್ಲ. ಚುಚ್ಚುತ್ತಾಳೆ, ಎಳೆಯುತ್ತಾಳೆ, ಮತ್ತೆ ಚುಚ್ಚುತ್ತಾಳೆ.

"ಯಾವ ಸಾಲು? ಇನ್ನೊಮ್ಮೆ ಓದಲಾ?"

"ಓದಿ."

ಸೂಜಿ ಓದಿದಳು. "ಮದ್ದಿನರಸಿಯ ಊರಿನಲ್ಲಿ ಯಾರೂ ಸಾಯುವುದಿಲ್ಲ, ಯಾರೂ ಗುಣವಾಗುವುದೂ ಇಲ್ಲ. ದಿನಕ್ಕೆರಡು ಚಮಚ ಮದ್ದು, ಅವಳ ಕೈಯಿಂದಲೇ. ಕುಡಿದವರಿಗೆ ದೀಪದ ಸುತ್ತ ಹಳದಿ ಬಳೆ ಕಾಣುತ್ತದೆ. ಅದನ್ನು ಅವರು ಅರಸಿಯ ಕೃಪೆ ಎಂದು ತಿಳಿದಿದ್ದಾರೆ."

"ಹ್ಞಾಂ, ಇದೇ. ಹಳದಿ ಬಳೆ."

ಎರಡು ವಾರದ ಹಿಂದಿನ ಭಾನುವಾರ, ಆಟವನ್ನು ಅರ್ಧಕ್ಕೆ ಬಿಟ್ಟು ಈ ಕೋಣೆಯಿಂದ ಹೊರಟ ಸೂತ್ರಧಾರ ಕೆಳಗಿನ ಮೆಟ್ಟಿಲ ಮೇಲೆ ಕುಸಿದು ಸತ್ತಿದ್ದ. ಹೃದಯಕ್ಕೆಂದು ಅವನು ನುಂಗುತ್ತಿದ್ದ ಮಾತ್ರೆಯೇ ಅವನ ರಕ್ತದಲ್ಲಿ ವಿಷದಷ್ಟಿತ್ತು. ಒಂದು ದಿನದ ಕೆಲಸವಲ್ಲ, ಮೂರು ನಾಲ್ಕು ವಾರದಿಂದ ಮೈಯಲ್ಲಿ ಸೇರುತ್ತ ಬಂದದ್ದು ಅಂತ ಶವ ಕೊಯ್ದ ಡಾಕ್ಟರು ಬರೆದುಕೊಟ್ಟಿದ್ದರು.

"ಕನ್ನಡಕ ತೆಗೆದು ಏನು ಮಾಡಿದರು?"

"ಒರೆಸಿದರು. ತಲೆ ಎತ್ತಿ ಟ್ಯೂಬ್‌ಲೈಟ್ ನೋಡಿದರು. ಕನ್ನಡಕ ಹಾಕ್ಕೊಂಡು ಮತ್ತೊಂದ್ಸಲ ನೋಡಿದರು. ಆಮೇಲೆ ಹಾಳೆ ಮಡಚಿ ಜೇಬಲ್ಲಿಟ್ಟು, 'ಇವತ್ತಿಗೆ ಸಾಕು' ಅಂದರು."

"ಇದನ್ನ ನೀವು ಮೊದಲ ಹೇಳಿಕೆಯಲ್ಲಿ ಹೇಳಲಿಲ್ಲ."

"ಕನ್ನಡಕ ಒರೆಸೋದನ್ನೂ ಹೇಳಬೇಕಾ ಮೇಡಂ? ನಮ್ಮನೆಯವರು ದಿನಕ್ಕೆ ಇಪ್ಪತ್ತು ಸಲ ಒರೆಸ್ತಾರೆ."

ಪಕ್ಕದಲ್ಲಿ ಕೂತಿದ್ದ ಗಣಿತದ ಮೇಷ್ಟ್ರು ತಾವು ಒರೆಸುತ್ತಿದ್ದ ಕನ್ನಡಕವನ್ನು ಬೇಗ ಮೂಗಿಗೇರಿಸಿಕೊಂಡರು.

ಮೇಜಿನ ಮೂರನೆಯ ಬದಿಯಲ್ಲಿ ಮುದ್ರಕ ಕೂತಿದ್ದ. ಕೆಳಗಿನ ಅಚ್ಚುಕೂಟ ಅವನದು, ಈ ಕೋಣೆಯೂ ಅವನದೇ. ಗೋಡೆಗೊರಗಿಸಿ ಹೊಲಿಯದ ಪುಸ್ತಕದ ಹಾಳೆಗಳ ರಾಶಿ, ಅಂಟಿನ ಹುಳಿ ವಾಸನೆ, ಮೇಜಿನ ತುಂಬ ಮಸಿಯ ಹೆಬ್ಬೆಟ್ಟು. ನಡುವೆ ಒಂದು ಸ್ಟೀಲ್ ಬಟ್ಟಲಲ್ಲಿ ದಾಳಗಳು.

ಈ ಆಟವನ್ನು ಅರ್ಥ ಮಾಡಿಕೊಳ್ಳಲು ಸೂಜಿಗೆ ಎರಡು ದಿನ ಹಿಡಿದಿತ್ತು. ಹಲಗೆಯಿಲ್ಲ, ಕಾಯಿಯಿಲ್ಲ, ಮಾತೇ ಆಟ. ಸೂತ್ರಧಾರ ಕಥೆ ನಡೆಸುತ್ತಾನೆ. ಉಳಿದವರು ಒಬ್ಬೊಬ್ಬರೂ ಒಂದೊಂದು ಪಾತ್ರ ಕಟ್ಟಿಕೊಂಡು ಆ ಕಥೆಯೊಳಗೆ ನುಗ್ಗುತ್ತಾರೆ. ಮೇಷ್ಟ್ರು ಕಳ್ಳ. ಅವರ ಹೆಂಡತಿ ಕೊಡಲಿ ಹಿಡಿದ ದೈತ್ಯ. ಮುದ್ರಕ ಅರೆಕುರುಡ ಮಾಟಗಾರ. ಬಾಗಿಲು ಒದ್ದರೆ ಮುರಿಯಿತೋ ಕಾಲು ಉಳುಕಿತೋ ಅಂತ ಸಂಶಯ ಬಂದಾಗ ದಾಳ ಉರುಳುತ್ತದೆ. ಇಂಥ ಆಟದ ಪುಸ್ತಕಗಳನ್ನು ಸೂತ್ರಧಾರ ಬರೆಯುತ್ತಿದ್ದ, ಮುದ್ರಕ ಅಚ್ಚು ಹಾಕುತ್ತಿದ್ದ. ಆ ಪುಸ್ತಕಗಳಿಗೆ ಹೆಸರು ಬಂದದ್ದೇ ಖಳರಿಂದ. ಊರೂರಲ್ಲಿ ಜನ ಅವನ ಖಳರ ಹೆಸರು ಹೇಳಿಕೊಂಡು ಹೆದರುತ್ತಿದ್ದರು, ಹೆದರಿದ ಮೇಲೆ ಅವರಿಗಾಗಿ ಮರುಗುತ್ತಲೂ ಇದ್ದರು.

"ಆ ಹಾಳೆ ಬಿಚ್ಚುವ ಮೊದಲು ಏನಾದರೂ ಹೇಳಿದರಾ?" ಅಂತ ಕೇಳಿದಳು ಸೂಜಿ.

ಮೇಷ್ಟ್ರು ಉತ್ತರಿಸಿದರು. "'ಇವತ್ತಿನ ಖಳನಾಯಕಿ ನನಗೂ ಹೊಸಬಳು. ನಾನೂ ಓದಿಲ್ಲ, ಎಲ್ಲರೂ ಒಟ್ಟಿಗೇ ಹೆದರೋಣ' ಅಂದ. ಮಾತಿಗೆ ಅಂತಿದ್ದಾನೆ ಅಂದ್ಕೊಂಡ್ವಿ. ತಾನೇ ಬರೆದದ್ದು ತನಗೇ ಹೊಸದು ಹೇಗಾಗುತ್ತೆ?"

ಸೂಜಿ ಹಾಳೆಯನ್ನು ಮೇಜಿನ ಮೇಲಿಟ್ಟಳು. ಕಂಪ್ಯೂಟರಿನಲ್ಲಿ ಟೈಪ್ ಮಾಡಿ ತೆಗೆದ ಹಾಳೆ, ಎಡ ಅಂಚಿನಲ್ಲಿ ಮೇಲಿಂದ ಕೆಳಗಿನವರೆಗೆ ಪ್ರಿಂಟರ್ ಬಿಟ್ಟ ಒಂದು ತೆಳು ಬೂದು ಗೆರೆ. ಮೂರು ವಾರದಿಂದ ದೀಪ ನೋಡಿದಾಗೆಲ್ಲ ಅವನಿಗೆ ಹಳದಿ ಕಾಣುತ್ತಿದ್ದಿರಬೇಕು. ಕನ್ನಡಕದ ದೋಷ ಅಂದುಕೊಂಡಿರಬೇಕು. ಅಷ್ಟರಲ್ಲಿ ತಾನು ಗಟ್ಟಿಯಾಗಿ ಓದುತ್ತಿರುವ ಹಾಳೆಯಲ್ಲಿ ತನ್ನದೇ ಕಣ್ಣಿನ ಸುದ್ದಿ. ತಾನೇ ಬರೆದಿದ್ದರೆ ಬೆಚ್ಚುತ್ತಿರಲಿಲ್ಲ. ಬೇರೆ ಯಾರೋ ಬರೆದಿದ್ದಾರೆ. ಆ ಯಾರಿಗೋ ಅವನ ಕಾಯಿಲೆ ಅವನಿಗಿಂತ ಮೊದಲೇ ಗೊತ್ತಿತ್ತು.

"ಯಾರು ಬರೆದುಕೊಟ್ಟರು?" ಅಂದಳು. ಯಾರನ್ನೂ ನೋಡಲಿಲ್ಲ.

ಮುದ್ರಕ ಬಟ್ಟಲಿನ ದಾಳವೊಂದನ್ನು ತಿರುವುತ್ತಿದ್ದ. ತಿರುವುವುದು ನಿಂತಿತು. ಸೂಜಿ ಕಾದಳು. ಕಾಯುವುದರಲ್ಲಿ ಅವಳನ್ನು ಮೀರಿಸುವವರು ಆ ಠಾಣೆಯಲ್ಲಿರಲಿಲ್ಲ.

"ಅವನಿಗೆ ಮಾತು ಕೊಟ್ಟಿದ್ದೆ," ಅಂದ ಮುದ್ರಕ. "ಸತ್ತವನಿಗೆ ಕೊಟ್ಟ ಮಾತು ಮುರೀಬಾರದು ಅಂತಾರೆ."

"ಕೊಂದವರನ್ನ ಬಿಡಬಾರದು ಅಂತಲೂ ಅಂತಾರೆ."

ಮುದ್ರಕ ನಿಟ್ಟುಸಿರು ಬಿಟ್ಟ. "ಹನ್ನೆರಡು ವರ್ಷದಿಂದ ನಾನೇ ಅಚ್ಚು ಹಾಕೋದು. ಕೋಟೆ ನಕ್ಷೆ, ರಾಜವಂಶ, ದಾಳದ ನಿಯಮ, ಎಲ್ಲ ಅವನ ಕೈಬರಹದಲ್ಲಿ ಬರೋವು. ಖಳರು ಮಾತ್ರ ಬೇರೆ ಕವರಲ್ಲಿ ಬರೋರು. ಮೆಡಿಕಲ್ ಶಾಪಿನ ಕವರು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಚೌಕ ಇರುತ್ತಲ್ಲ, ಅದು."

"ಅಂದರೆ," ಅಂದರು ಮೇಷ್ಟ್ರು ನಿಧಾನವಾಗಿ, "ನಾವು ಇಷ್ಟು ವರ್ಷ ಹೆದರಿದ್ದು ಔಷಧಿ ಅಂಗಡಿ ಇಟ್ಟಿರೋ ಅವನ ಅಕ್ಕನಿಗಾ?"

"ನೀವು ಹೆದರಿದಿರಿ," ಅಂದರು ಅವರ ಹೆಂಡತಿ. "ನಾನು ದೈತ್ಯ."

*

ಜೀಪಿನಲ್ಲಿ ದಫೇದಾರ ಬೆರಳು ಮಡಚಿ ಎಣಿಸಿದ. "ಅವನು ಆಟಕ್ಕೆ ಒಯ್ತಿದ್ದ ಫ್ಲಾಸ್ಕಿಗೆ ಕಾಫಿ ಹಾಕಿ ಕೊಡೋಳು ಅಕ್ಕ. ಮಾತ್ರೆ ಡಬ್ಬಿ ಜೋಡಿಸೋಳು ಅಕ್ಕ. ಔಷಧಿ ಅಂಗಡಿ ಅಕ್ಕನದು. ಈಗ ನೋಡಿದರೆ ಖಳರನ್ನ ಮಾಡೋಳೂ ಅಕ್ಕ. ಆ ಕಾಫಿ ಅವನೊಬ್ಬ ಬಿಟ್ಟು ಇನ್ಯಾರೂ ಕುಡೀತಿರಲಿಲ್ಲ. ಇನ್ನೇನು ಬೇಕು ಮೇಡಂ?"

"ಯಾಕೆ ಅನ್ನೋದು ಬೇಕು."

"ಅದನ್ನ ಅವರೇ ಹೇಳ್ತಾರೆ, ಕೂರಿಸಿ ಕೇಳಿದರೆ."

"ನೀವು ಹೊರಗಿರಿ. ನಾನು ಕೇಳ್ತೀನಿ."

ಅಂಗಡಿ ಎರಡು ಆಳು ಅಗಲ, ಹತ್ತು ಆಳು ಉದ್ದ. ಎರಡೂ ಕಡೆ ಸೂರಿನವರೆಗೆ ಸಣ್ಣ ಸಣ್ಣ ಗೂಡು, ಗೂಡಿಗೊಂದು ಕೈಬರಹದ ಚೀಟಿ. ಕೌಂಟರಿನ ಹಿಂದೆ ಐವತ್ತು ದಾಟಿದ ಹೆಂಗಸು ಮಾತ್ರೆಯ ಹಾಳೆಯೊಂದನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಇಡೀ ಬೀದಿಗೆ ಅವಳು ಅಕ್ಕ. ಅವಳ ಮುಂದೆ ಒಬ್ಬ ಮುದುಕ ಕೆಮ್ಮುತ್ತ ನಿಂತಿದ್ದ.

"ಕೆಮ್ಮಿನ ಔಷಧಿ ಹೋದ ವಾರ ತಾನೇ ಒಯ್ದಿರಿ."

"ಖಾಲಿ ಆಯ್ತಮ್ಮ."

"ಬೀಡಿ ಖಾಲಿ ಆಗಲಿ, ಆಮೇಲೆ ಬನ್ನಿ."

ಮುದುಕ ಹಲ್ಲಿಲ್ಲದ ಬಾಯಲ್ಲಿ ನಕ್ಕು ಹೋದ. ಅಕ್ಕ ಕತ್ತರಿ ಕೆಳಗಿಟ್ಟಳು. ತಮ್ಮನನ್ನು ಕಳಕೊಂಡ ಮೇಲೆ ಅವಳು ಅಂಗಡಿ ಮುಚ್ಚಿದ್ದು ಮೂರೇ ದಿನ. ಅದನ್ನು ಬೀದಿಯವರು ಆಡಿಕೊಂಡದ್ದೂ ಸೂಜಿಗೆ ಗೊತ್ತಿತ್ತು.

"ನೀವು ಖಳರನ್ನ ಬರೀತೀರಂತೆ," ಅಂದಳು ಸೂಜಿ.

ಅಕ್ಕ ಮುಖ ಕದಲಿಸಲಿಲ್ಲ. "ಮುದ್ರಕ ಹೇಳಿದನಾ?"

"ಹೇಳಿದ."

"ಪಾಪ. ಹನ್ನೆರಡು ವರ್ಷ ಹೊಟ್ಟೇಲಿ ಇಟ್ಕೊಂಡಿದ್ದ. ಅಜೀರ್ಣಕ್ಕೆ ನಾನೇ ಮಾತ್ರೆ ಕೊಡ್ತಿದ್ದೆ." ಅವಳು ಒಂದು ಸ್ಟೂಲನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದಳು. "ಕೂತ್ಕೊಳ್ಳಿ."

ಸೂಜಿ ಕೂತಳು. ಕೇಳುವ ಮೊದಲೇ ಅಕ್ಕ ಹೇಳತೊಡಗಿದಳು, ಯಾರದೋ ಕಾಯಿಲೆಯ ವಿವರ ಹೇಳಿದ ಹಾಗೆ.

ತಮ್ಮ ಏಳು ವರ್ಷ ಚಿಕ್ಕವನು. ಹುಟ್ಟುವಾಗಲೇ ಹೃದಯದ ಕವಾಟ ಸರಿಯಿರಲಿಲ್ಲ. ಒಂಬತ್ತನೇ ವಯಸ್ಸಿನಲ್ಲಿ ಒಂದು ವರ್ಷ ಪೂರ್ತಿ ಹಾಸಿಗೆ. ಓಡುವ ಹಾಗಿಲ್ಲ, ಜೋರಾಗಿ ನಗುವ ಹಾಗೂ ಇಲ್ಲ. ಅಕ್ಕ ತಮ್ಮ ಮಂಚದ ಮೇಲೆ ಕೂತು ಕಥೆ ಕಟ್ಟುತ್ತಿದ್ದರು. ವೀರರೆಲ್ಲ ಅವನು, ಉಳಿದವರೆಲ್ಲ ಅವಳು.

"ಅವನ ಖಳರು ಅಂದರೆ ಕೊಂಬು, ಕೋರೆಹಲ್ಲು, ಗಹಗಹ ನಗು. ಕೊನೆಯ ಕೋಣೆಯಲ್ಲಿ ಕೂತು ಇವನು ಬಂದು ಕೊಲ್ಲಲಿ ಅಂತ ಕಾಯೋರು. 'ಅಲ್ಲ ಕಣೋ, ಅವನಿಗೂ ಬೇರೆ ಕೆಲಸ ಇರಲ್ವಾ?' ಅಂತ ಕೇಳಿದ್ದೆ. ಅವನಿಗೆ ಕೆಟ್ಟವರನ್ನ ಊಹಿಸೋಕೇ ಬರ್ತಿರಲಿಲ್ಲ. ದೊಡ್ಡವನಾದ ಮೇಲೂ ಬರಲಿಲ್ಲ."

"ನಿಮಗೆ ಬರುತ್ತೆ."

"ಈ ಕೌಂಟರಿನ ಹಿಂದೆ ಮೂವತ್ತು ವರ್ಷ ನಿಂತಿದೀನಿ. ಯಾರಿಗೆ ಏನು ಬೇಕು, ಅದನ್ನ ಯಾವ ಮಾತಲ್ಲಿ ಮುಚ್ಚಿಕೊಂಡು ಕೇಳ್ತಾರೆ ಅಂತ ಗೊತ್ತಾಗುತ್ತೆ. ಅಷ್ಟು ಗೊತ್ತಾದರೆ ಖಳ ಆದ ಹಾಗೆ." ಅವಳು ಕೌಂಟರಿನ ಗಾಜಿನ ಮೇಲೆ ಬೆರಳಲ್ಲಿ ಗೆರೆ ಎಳೆದಳು. "ಮೂರು ಸಾಲು ಸಾಕು. ಅವನಿಗೆ ಏನು ಬೇಕು. ಅದು ಅವನ ಪಾಲಿಗೆ ಯಾಕೆ ಸರಿ. ಅವನು ಎಲ್ಲಿ ನಿಲ್ಲುತ್ತಾನೆ, ಅಂದರೆ ಪ್ರಾಣ ಹೋದರೂ ಮಾಡದೇ ಇರೋ ಕೆಲಸ ಯಾವುದು. ಮೂರನೇದು ಇಲ್ಲದಿದ್ದರೆ ಅವನು ಬರೀ ಹುಚ್ಚುನಾಯಿ. ಹುಚ್ಚುನಾಯಿಗೆ ಹೆದರ್ತೀವಿ ಅಷ್ಟೆ, ಅದರ ಬಗ್ಗೆ ಯೋಚಿಸ್ತಾ ಕೂರಲ್ಲ."

"ಒಂದು ಉದಾಹರಣೆ ಕೊಡಿ."

"ಗಂಟೆಯವನು ಅಂತ ಒಬ್ಬನನ್ನ ಮಾಡಿದ್ದೆ. ಊರನ್ನ ಮಲಗೋಕೆ ಬಿಡಲ್ಲ, ಗಳಿಗೆಗೊಮ್ಮೆ ಗಂಟೆ ಹೊಡೀತಾನೆ. ಜನ ನಿದ್ದೆ ಇಲ್ಲದೆ ಸಾಯ್ತಾರೆ. ಹಿಂದೊಮ್ಮೆ ಊರು ಮಲಗಿದ್ದಾಗ ರಕ್ಕಸ ಬಂದು ಅವನ ಮನೆಯವರನ್ನ ತಿಂದುಹಾಕಿತ್ತು. ಅವನ ಪ್ರಕಾರ ಅವನು ಊರನ್ನ ಕಾಯ್ತಿದಾನೆ. ತೊಟ್ಟಿಲು ಇರೋ ಮನೆ ಎದುರು ಮಾತ್ರ ಗಂಟೆ ಹೊಡೆಯಲ್ಲ. ಆಟದಲ್ಲಿ ಅವನನ್ನ ಕೊಂದ ದಿನ ಮೇಷ್ಟ್ರು ಊಟ ಮಾಡಲಿಲ್ಲವಂತೆ."

ಸೂಜಿ ಪ್ಲಾಸ್ಟಿಕ್ ಲಕೋಟೆಯೊಳಗಿದ್ದ ಹಾಳೆಯನ್ನು ಕೌಂಟರಿನ ಮೇಲಿಟ್ಟಳು.

"ಇವಳನ್ನ ಯಾವಾಗ ಮಾಡಿದಿರಿ?"

ಅಕ್ಕ ಕನ್ನಡಕ ಹಾಕಿಕೊಂಡು ಓದಿದಳು. ಓದುವಾಗ ಅವಳ ತುಟಿ ಅಲುಗಲಿಲ್ಲ, ಹುಬ್ಬು ಮಾತ್ರ ಕೂಡುತ್ತ ಬಂತು. ಓದಿ ಮುಗಿಸಿ ಮತ್ತೆ ಮೇಲಿಂದ ಓದಿದಳು.

"ಇದು ನನ್ನದಲ್ಲ."

"ಔಷಧಿ ಕೊಡೋ ಹೆಂಗಸು. ಜನರನ್ನ ಗುಣವಾಗೋಕೆ ಬಿಡದೆ ತನ್ನ ಕೈಯಲ್ಲೇ ಇಟ್ಕೊಂಡಿರೋಳು. ನಿಮ್ಮ ತಮ್ಮ ಚಿಕ್ಕಂದಿನಿಂದ ನಿಮ್ಮ ಕೈಯಿಂದಲೇ ಮಾತ್ರೆ ತಗೊಂಡರು."

"ನನ್ನ ಮೇಲೆ ಬರೆದದ್ದು ಅಂತ ಯಾರು ಬೇಕಾದರೂ ಅಂದ್ಕೋತಾರೆ. ಬರೆದವರಿಗೂ ಹಾಗೇ ಕಾಣಲಿ ಅಂತ ಇತ್ತೇನೋ." ಅವಳ ದನಿ ಏರಲಿಲ್ಲ. "ಆದರೆ ನಾನು ಬರೆದದ್ದಲ್ಲ, ಅವನು ಬರೆದದ್ದೂ ಅಲ್ಲ. ಮೂರನೇ ಸಾಲೇ ಇಲ್ಲ, ನೋಡಿ. ಇವಳು ಎಲ್ಲೂ ನಿಲ್ಲಲ್ಲ. ಬರೆದವರಿಗೆ ಇವಳ ಮೇಲೆ ಹೊಟ್ಟೆ ಉರಿಯುವಷ್ಟು ದ್ವೇಷ. ದ್ವೇಷದಲ್ಲಿ ಬರೆದರೆ ಖಳ ಹುಟ್ಟಲ್ಲ ಮೇಡಂ, ದೂರು ಹುಟ್ಟುತ್ತೆ. ನಿಮ್ಮ ಠಾಣೆಗೆ ಬರುತ್ತಲ್ಲ, ಅಂಥದ್ದು."

"ಹಳದಿ ಬಳೆ ಅಂದರೇನು ಅಂತ ನಿಮಗೆ ಗೊತ್ತಿರಬೇಕು."

"ಗೊತ್ತು. ಆ ಮಾತ್ರೆ ಮೈಯಲ್ಲಿ ಹೆಚ್ಚಾದರೆ ಕಣ್ಣಿಗೆ ಹಾಗೆ ಕಾಣುತ್ತೆ."

"ನಿಮ್ಮ ತಮ್ಮನಿಗೆ ಕಾಣ್ತಿತ್ತು. ಹಾಳೆ ಓದ್ತಾ ಓದ್ತಾ ಕನ್ನಡಕ ತೆಗೆದು ದೀಪ ನೋಡಿದರು."

ಅಕ್ಕನ ಕೈ ಗಾಜಿನ ಮೇಲೆ ಚಪ್ಪಟೆಯಾಗಿ ಕೂತಿತು. ಎದುರು ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿಕೊಂಡು ಹೋದರು.

"ನನಗೆ ಹೇಳಲಿಲ್ಲ," ಅಂದಳು ಕೊನೆಗೆ. "ಒಂದೇ ಮನೇಲಿದ್ವಿ. 'ಅಕ್ಕಾ, ದೀಪ ಹಳದಿ ಕಾಣ್ತಿದೆ.' ಅಷ್ಟೇ ಅಂದಿದ್ದರೆ ಸಾಕಿತ್ತು. ಅವತ್ತೇ ಮಾತ್ರೆ ನಿಲ್ಲಿಸಿ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದೆ. ಬದುಕ್ತಿದ್ದ."

"ಯಾಕೆ ಹೇಳಲಿಲ್ಲ?"

"ಮಾತು ಬಿಟ್ಟಿದ್ವಿ. ಒಂದು ತಿಂಗಳು." ಅವಳು ಕನ್ನಡಕ ತೆಗೆದು ಸೆರಗಿನ ಮೇಲಿಟ್ಟುಕೊಂಡಳು. "ಹೊಸ ಪುಸ್ತಕಕ್ಕೆ ನನ್ನ ಹೆಸರು ಹಾಕ್ತೀನಿ ಅಂದ. ಖಳರೆಲ್ಲ ನಿನ್ನವರು, ಎಷ್ಟು ದಿನ ನಾನು ಮೆರೀಲಿ ಅಂದ. ಬೇಡ ಅಂದೆ. ಈ ಬೀದಿಯ ಅರ್ಧ ಜನ ಆ ಪುಸ್ತಕಗಳಲ್ಲಿದಾರೆ ಮೇಡಂ. ಬರೆದದ್ದು ನಾನು ಅಂತ ಗೊತ್ತಾದರೆ ಒಬ್ಬೊಬ್ಬರೂ ತಮ್ಮನ್ನ ಹುಡುಕ್ಕೋತಾರೆ. ಆಮೇಲೆ ಯಾರು ಬಂದು ನನ್ನ ಹತ್ರ ಮೂಲವ್ಯಾಧಿಗೆ ಮುಲಾಮು ಕೇಳ್ತಾರೆ? ಮಾತಿಗೆ ಮಾತು ಬೆಳೀತು. 'ನಾನು ಸಾಯೋವರೆಗೂ ನಿನ್ನ ರೋಗಿಯಾಗೇ ಇರಬೇಕಾ' ಅಂದ. ಅಲ್ಲಿಗೆ ನಿಂತಿತು. ಡಬ್ಬಿಗೆ ಮಾತ್ರೆ ಹಾಕಿಡ್ತಿದ್ದೆ, ಫ್ಲಾಸ್ಕಿಗೆ ಕಾಫಿ ಹಾಕಿಡ್ತಿದ್ದೆ. ತಗೊಂಡು ಹೋಗ್ತಿದ್ದ."

ಅವಳ ಕಣ್ಣಲ್ಲಿ ನೀರು ಬರಲಿಲ್ಲ. ಸೂಜಿಗೆ ಅದು ಹೆಚ್ಚು ನಂಬಿಕೆ ಹುಟ್ಟಿಸಿತು, ಯಾಕೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

"ಭಾನುವಾರದ ಕಾಫಿ ನೀವೇ ಹಾಕಿದ್ದು."

"ಭಾನುವಾರದ್ದೂ ನಾನೇ, ಬುಧವಾರದ್ದೂ ನಾನೇ."

"ಬುಧವಾರ ಏನು?"

"ಕ್ಲಾಸು. ಮೂರು ತಿಂಗಳಿಂದ ನಡೆಸ್ತಿದ್ದ. ಆಟಕ್ಕೆ ಖಳರನ್ನ ಮಾಡೋದು ಹೇಗೆ ಅಂತ. ವಾಚನಾಲಯದ ಹಾಲಲ್ಲಿ, ಐದರಿಂದ ಆರೂವರೆ. ಏಳು ಜನ ಬರ್ತಿದ್ದರು. ನಾನು ಹೇಳಿಕೊಟ್ಟಿದ್ದನ್ನೇ ಅವರಿಗೆ ಹೇಳಿಕೊಡ್ತಿದ್ದ. 'ನಿಮಗೆ ಯಾರು ಹೇಳಿಕೊಟ್ಟರು' ಅಂತ ಅವರಲ್ಲಿ ಯಾರೋ ಕೇಳಿದರಂತೆ. ಸುಳ್ಳು ಬರಲ್ಲ ಅವನಿಗೆ, ನನ್ನ ಅಕ್ಕ ಅಂದುಬಿಟ್ಟ. ಹೆಸರು ಹಾಕೋ ಹುಚ್ಚು ಹತ್ತಿದ್ದೇ ಅಲ್ಲಿಂದ."

"ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ನಿಮ್ಮ ದಫೇದಾರರು ಭಾನುವಾರದ್ದು ಕೇಳಿದರು, ಭಾನುವಾರದ್ದು ಹೇಳಿದೆ. ಚೀಟೀಲಿ ಬರೆಯದ ಮಾತ್ರೆ ನಾನು ಕೊಡಲ್ಲ."

ವಾಚನಾಲಯ ಅಂದ ಕೂಡಲೇ ಸೂಜಿಯೊಳಗೆ ಏನೋ ಒಂದು ಸಣ್ಣಗೆ ಅಲುಗಿತು. ಅವಳು ಅದನ್ನು ಅಲ್ಲೇ ಬಿಟ್ಟು ಮುಂದಿನ ಪ್ರಶ್ನೆಗೆ ಹೋದಳು.

"ಆ ಏಳು ಜನ ಬರೆದದ್ದನ್ನ ಅವರು ಏನು ಮಾಡ್ತಿದ್ದರು?"

"ಒಂದೊಂದನ್ನೇ ಓದದೆ ಹಾಗೇ ಭಾನುವಾರದ ಮೇಜಿಗೆ ಒಯ್ಯೋನು. ಅಲ್ಲೇ ಬಿಚ್ಚಿ ಆಡಿಸಿದರೆ ಖಳ ನಿಲ್ತಾನೋ ಬೀಳ್ತಾನೋ ಗೊತ್ತಾಗುತ್ತೆ ಅಂತಿದ್ದ." ಅಕ್ಕ ಮತ್ತೆ ಹಾಳೆಯನ್ನು ಬೆಳಕಿಗೆ ಹಿಡಿದಳು. ಎಡ ಅಂಚಿನ ಬೂದು ಗೆರೆಯ ಮೇಲೆ ಉಗುರು ಓಡಿಸಿದಳು. ಆಮೇಲೆ ಒಳಗೆ ಹೋಗಿ ಒಂದು ಕವರು ತಂದಳು.

"ನಿನ್ನೆ ಅಂಚೇಲಿ ಬಂತು. ಅಂಗಡಿ ವಿಳಾಸಕ್ಕೆ. ಕಳಿಸಿದವರ ಹೆಸರಿಲ್ಲ."

ಒಳಗೊಂದು ಹಾಳೆ. ಅದೇ ಅಕ್ಷರ, ಅದೇ ಬೂದು ಗೆರೆ. ಮೇಲ್ಗಡೆ ಒಂದೇ ವಾಕ್ಯ: ದಯವಿಟ್ಟು ತಿದ್ದಿಕೊಡಿ.

"ಅವನ ಸಾವಿನ ಸುದ್ದಿ ತಿಳೀದ ಯಾರೋ ಬಡಪಾಯಿ ಕಳಿಸಿದಾರೆ ಅಂದ್ಕೊಂಡೆ. ನೀವು ಇದನ್ನ ತೋರಿಸಿದ ಮೇಲೆ ಹೊಳೀತು, ಎರಡೂ ಒಂದೇ ಕೈ. ಓದಲಾ?"

"ಓದಿ."

"ಖಳನಾಯಕಿಯ ಹೆಸರು, ಕಾವಲಿನಕ್ಕ." ಅಕ್ಕ ಔಷಧಿ ಚೀಟಿ ಓದುವ ದನಿಯಲ್ಲಿ ಓದಿದಳು. "ಒಂದು. 'ಅವಳಿಗೆ ಬೇಕಾದ್ದು ಇಷ್ಟೇ: ತಂಗಿಗೆ ಇನ್ನೊಂದು ಗಾಯ ಆಗಬಾರದು.' ಎರಡು. 'ಅದು ಯಾಕೆ ಸರಿ: ಒಂದೇ ಒಂದು ಸಲ ಅವಳ ಕಣ್ಣು ದಾರಿ ತಪ್ಪಿತ್ತು. ಲಗಾಮು ಅವಳ ಕೈಯಲ್ಲಿತ್ತು, ತಂಗಿ ಬೆನ್ನ ಹಿಂದೆ ಕೂತಿದ್ದಳು. ಇಬ್ಬರೂ ಬಿದ್ದರು. ಅವಳು ಎದ್ದಳು, ತಂಗಿ ಏಳಲಿಲ್ಲ.'"

ಸೂಜಿ ಸ್ಟೂಲಿನ ಮೇಲೆ ಅಲ್ಲಾಡದೆ ಕೂತಿದ್ದಳು.

ಹನ್ನೊಂದು ವರ್ಷದ ಹಿಂದೆ ಸ್ಕೂಟರ್ ಓಡಿಸುತ್ತಿದ್ದದ್ದು ಅವಳೇ. ಹಿಂದೆ ಕೂತಿದ್ದ ತಂಗಿಗೆ ಆಗ ಇಪ್ಪತ್ತಮೂರು. ಅವತ್ತಿನಿಂದ ತಂಗಿ ಗಾಲಿಕುರ್ಚಿಯಲ್ಲಿ, ಎರಡನೇ ಮಹಡಿಯ ಮನೆಯಲ್ಲಿ, ಸೂಜಿಯ ಜೊತೆ.

"ಕೆಳಗೆ ಇನ್ನೂ ಸ್ವಲ್ಪ ಇದೆ," ಅಂದಳು ಅಕ್ಕ. "'ಕಾವಲಿನಕ್ಕ ಊರಿನ ಕಳ್ಳರನ್ನೆಲ್ಲ ಹಿಡಿಯುತ್ತಾಳೆ. ಗದರುವುದಿಲ್ಲ, ಹೊಡೆಯುವುದಿಲ್ಲ. ಸಂಜೆ ಬಂದು ತಂಗಿಯ ತಟ್ಟೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡುತ್ತಾಳೆ. ವಾರಕ್ಕೊಂದು ದಿನ ಹೊತ್ತು ಕೆಳಗಿಳಿಸುತ್ತಾಳೆ. ಉಳಿದ ದಿನ ಬಾಗಿಲಿಗೆ ಹೊರಗಿನಿಂದ ಬೀಗ. ಬೀಗ ಹಾಕಿದ್ದು ಕಳ್ಳರಿಗಾಗಿ ಅಂತ ಅವಳು ನಿಜವಾಗಿಯೂ ನಂಬಿದ್ದಾಳೆ.'"

ವಾರಕ್ಕೊಂದು ದಿನ, ಬುಧವಾರ. ಕಾಲಿನ ವ್ಯಾಯಾಮಕ್ಕೆ. ಐದಕ್ಕೆ ಬಿಟ್ಟು, ಆರೂವರೆಗೆ ಮತ್ತೆ ಹೋಗಿ ಕರೆತರುತ್ತಿದ್ದಳು. ವ್ಯಾಯಾಮ ಕೇಂದ್ರಕ್ಕೂ ಪಕ್ಕದ ವಾಚನಾಲಯಕ್ಕೂ ಗಾಲಿಕುರ್ಚಿ ಹತ್ತಲು ಇರುವುದು ಒಂದೇ ಇಳಿಜಾರು. ಒಳಗೆ ಏನು ನಡೆಯುತ್ತದೆ ಅಂತ ನೋಡಲು ಅವಳು ಎಂದೂ ಇಳಿದು ಹೋಗಿರಲಿಲ್ಲ. ಅವರಮ್ಮನಿಗೂ ಕೊನೆಗಾಲದಲ್ಲಿ ಇದೇ ಹೃದಯದ ಮಾತ್ರೆ ನಡೆಯುತ್ತಿತ್ತು. ಕೊಡುತ್ತಿದ್ದವಳು ತಂಗಿ. ಅಮ್ಮ ಹೋಗಿ ಎರಡು ವರ್ಷವಾದರೂ ಆ ಡಬ್ಬಿ ತಂಗಿಯ ಮಂಚದ ಪಕ್ಕದ ಕಪಾಟಿನಲ್ಲೇ ಇತ್ತು. ಬಿಸಾಡಬೇಕು ಅಂತ ಸೂಜಿ ಎಷ್ಟೋ ಸಲ ಅಂದುಕೊಂಡಿದ್ದಳು.

"ಮೂರನೇ ಸಾಲು?" ಅಂದಳು. ದನಿ ಎಂದಿನ ಹಾಗೇ ಇತ್ತು.

"ಇದೆ. ಈ ಸಲ ಇದೆ." ಅಕ್ಕ ಹಾಳೆಯನ್ನು ಕೊಂಚ ದೂರ ಹಿಡಿದಳು. ಅವಳ ಮುಖದಲ್ಲಿ ಒಳ್ಳೆಯ ಕೆಲಸ ಕಂಡ ಕಸುಬುದಾರರ ಗೌರವವಿತ್ತು. "ಮದ್ದಿನರಸಿ ಬರೆದಾಗ ಈ ಕೈಗೆ ಸಿಟ್ಟು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಇದನ್ನ ಬರೆಯೋ ಹೊತ್ತಿಗೆ ಈ ಕಾವಲಿನಕ್ಕನ ಮೇಲೆ ತನಗೆ ಪ್ರೀತಿಯೂ ಇದೆ ಅಂತ ಗೊತ್ತಾಗಿದೆ. ಕೇಳಿ. 'ಮೂರು. ಅವಳು ಎಲ್ಲಿ ನಿಲ್ಲುತ್ತಾಳೆ: ಸುಳ್ಳು ಹೇಳುವುದಿಲ್ಲ. ತಂಗಿಯನ್ನು ಉಳಿಸಲಿಕ್ಕೂ ಹೇಳುವುದಿಲ್ಲ.'"

ಹೊರಗೆ ಜೀಪಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ದಫೇದಾರ ಕಾಲಾಡಿಸಲು ಇಳಿದಿದ್ದ.

ಅಕ್ಕ ಹಾಳೆಯನ್ನು ಇಳಿಸಿ ಸೂಜಿಯನ್ನು ನೋಡಿದಳು. ಮೂವತ್ತು ವರ್ಷ ಕೌಂಟರಿನ ಹಿಂದಿನಿಂದ ಜನರನ್ನು ನೋಡಿದ ನೋಟ.

"ಮೇಡಂ, ನಿಮಗೆ ತಂಗಿ ಇದ್ದಾಳಾ?"

"ಇಲ್ಲ," ಅಂದಳು ಸೂಜಿ.

ಅಕ್ಕ ತಲೆಯಾಡಿಸಿದಳು. ಕೌಂಟರಿನ ಮೇಲಿದ್ದ ಪೆನ್ಸಿಲ್ ಎತ್ತಿಕೊಂಡು, ಮೂರನೇ ಸಾಲಿನ ಮೇಲೆ ನಿಧಾನವಾಗಿ ಒಂದು ಗೆರೆ ಎಳೆದಳು.

"ಹಾಗಾದರೆ ಇದನ್ನ ತಿದ್ದಬೇಕಾಗುತ್ತೆ," ಅಂದಳು. "ಆ ಏಳು ಜನರಲ್ಲಿ ಒಬ್ಬಳು ಗಾಲಿಕುರ್ಚೀಲಿ ಬರ್ತಿದ್ದಳು ಅಂತ ನನ್ನ ತಮ್ಮ ಹೇಳಿದ್ದ. ಅವನ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಕೊಡ್ತಿದ್ದದ್ದೂ ಅವಳೇ ಅಂತೆ." ಅವಳು ಪೆನ್ಸಿಲನ್ನು ಹಾಳೆಯ ಪಕ್ಕ ನೇರವಾಗಿ ಇಟ್ಟಳು. "ಹೊರಗಿರೋ ನಿಮ್ಮ ದಫೇದಾರರನ್ನ ನಾನು ಕರೀಲಾ ಮೇಡಂ, ಇಲ್ಲ ನೀವೇ ಕರೀತೀರಾ?"